ಕೈಗುಣದ ಮಾತು ಬಿಡ್ರಿ, ನೀರು ಅಳೀರಿ

ಅಕ್ಕ-ತಂಗೇರೆ, ದೊಡ್ಡವ್ವ-ಚಿಗವ್ವಂದಿರೆ, ಈ ಸಲ ಅಡುಗೆ ಮಾತು ಇಲ್ಲ. ಸ್ವಲ್ಪ ಜಗಳದ ಮಾತೇ ಐತೆ.

ಮೀನು ಸಾಕೋ ತೊಟ್ಟಿ ನೀರನ್ನ ಪಂಪ್ ಇಟ್ಟು ಮ್ಯಾಲೆತ್ತಿ, ಜಲ್ಲಿ ತುಂಬಿದ ಇನ್ನೊಂದು ತೊಟ್ಟಿಗೆ ಹರಿಸಿ, ಅದರಾಗೆ ಸೊಪ್ಪು ತರಕಾರಿ ಬೆಳೆದು, ಸೋಸಿ ಬಂದ ನೀರನ್ನ ತಿರುಗಿ ಮೀನಿಗೇ ಬಿಡೋ ಪದ್ಧತಿಗೆ ಅಕ್ವಾಪೋನಿಕ್ಸ್ ಅಂತಾರೆ. ನನ್ನ ಬಾಯಿಗೆ ಅದು ಮೀನು-ಸೊಪ್ಪಿನ ತೊಟ್ಟಿ. ನಮ್ಮ ಹಿತ್ತಲಲ್ಲಿ ಚಪ್ಪಡಿ ಹಾಸಿದ ಜಾಗದಾಗೆ ಸಾವಿರ ಲೀಟರಿಂದು ಒಂದು ಮೂರು ವರ್ಷದಿಂದ ನಡೀತೈತೆ. ನಾವು ಮೀನು ತಿಂತೀವಿ. ಪಕ್ಕದ ಮನೆಯೋರು ತಿನ್ನಲ್ಲ, ಅವರು ಗೋಲ್ಡ್ ಫಿಶ್ ಬಿಟ್ಕಂಡು ಬರೀ ಸೊಪ್ಪಿಗೋಸ್ಕರ ಮಾಡ್ಯಾರೆ. ಎರಡೂ ಚೆನ್ನಾಗಿ ನಡೀತಾವೆ. ಹಂಗಾಗಿ ಪದ್ಧತಿ ಮ್ಯಾಲೆ ನನಗೆ ಸಿಟ್ಟಿಲ್ಲ. ಅದನ್ನ ಮಾರೋರು ಆಡೋ ಮಾತಿನ ಮ್ಯಾಲೆ ಐತೆ, ಅದು ಕೆಟ್ಟಾಗ ಮನೆಯೋರು ಆಡೋ ಮಾತಿನ ಮ್ಯಾಲೂ ಐತೆ.

ಮಾರೋರ ಮಾತು ಮೂರು. ಗೊಬ್ಬರ ಬ್ಯಾಡ. ನೀರು ನೋಡೋದು ಬ್ಯಾಡ. ಕೆಲಸ ಏನೂ ಇಲ್ಲ, ದಿನಾ ಒಂದು ಹಿಡಿ ಆಹಾರ ಹಾಕಿದ್ರೆ ಮೀನೇ ಸೊಪ್ಪು ಬೆಳೆಸುತ್ತೆ. ಈ ಮಾತು ನಂಬಿ ಸಂಘದಾಗೆ ಸಾಲ ಎತ್ತಿ ತೊಟ್ಟಿ ತಂದಿಟ್ಟ ಹೆಣ್ಮಕ್ಕಳನ್ನ ನಾನು ಕಣ್ಣಾರೆ ಕಂಡೀನಿ. ಎರಡು ತಿಂಗಳಿಗೆ ಮೀನು ಮ್ಯಾಲೆ ತೇಲಿದ್ವು, ಇಲ್ಲ ಸೊಪ್ಪು ಹಳದಿ ತಿರುಗ್ತು. ಆಗ ಮನೆಯೋರ ಮಾತು ಒಂದೇ: ‘ಆಕಿ ಕೈಗುಣ ಸರಿ ಇಲ್ಲ.’ ಮಾರಿದೋನು ಫೋನ್ ಎತ್ತಲ್ಲ, ತೊಟ್ಟಿ ಮೂಲೆ ಸೇರ್ತು, ಸಾಲದ ಕಂತು ಮಾತ್ರ ವಾರ ವಾರ ಆಕೀನೇ ಕಟ್ಟಬೇಕು. ಕೈಗುಣ ಅಂತ ಬೈಸ್ಕಳದೂ ಆಕೀನೇ.

ಇದಕ್ಕೆ ನನ್ನ ಮಾತು ಒಂದೈತೆ. ಈ ತೊಟ್ಟಿ ಕೆಡಾಕೆ ಕೈಗುಣ ಕಾರಣ ಅಲ್ಲ. ನೀರಿನ ಗುಣ ಕೆಟ್ಟಿರುತ್ತೆ, ಅದನ್ನ ಯಾರೂ ಅಳೆದಿರಲ್ಲ. ಅಳೆಯದೆ ತೊಟ್ಟಿಗೆ ಒಂದು ಚಿಟಿಕೆ ಏನನ್ನೂ ಹಾಕಬಾರದು, ಅಳೆಯೋ ಸಾಮಾನು ಕೊಡದೆ ಮಾರೋ ತೊಟ್ಟಿಗೆ ಒಂದು ರೂಪಾಯಿನೂ ಕೊಡಬಾರದು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಸೊಪ್ಪು ಬೆಳೆಸೋದು ಯಾರು ಅಂತ ತಿಳ್ಕಳ್ರಿ. ಮೀನಲ್ಲ. ಮೀನು ತಿಂದ ಮ್ಯಾಲೆ ಕಿವಿರಿನಿಂದ, ಮಲದಿಂದ ನೀರಿಗೆ ಅಮೋನಿಯಾ ಬಿಡ್ತಾವೆ. ಅದು ಮೀನಿಗೇ ವಿಷ. ಜಲ್ಲಿ ಮ್ಯಾಲೆ, ಪೈಪಿನ ಒಳಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೆಳೀತಾವೆ. ಒಂದು ಜಾತಿಯವು ಅಮೋನಿಯಾ ತಿಂದು ನೈಟ್ರೈಟ್ ಮಾಡ್ತಾವೆ. ಅದೂ ವಿಷವೇ, ಮೀನಿನ ರಕ್ತ ಉಸಿರು ಹೊರದಂಗೆ ಮಾಡಿಬಿಡುತ್ತೆ. ಇನ್ನೊಂದು ಜಾತಿಯವು ಆ ನೈಟ್ರೈಟನ್ನ ನೈಟ್ರೇಟ್ ಮಾಡ್ತಾವೆ. ಅದು ಗಿಡಕ್ಕೆ ಊಟ. ನಮಗೆ ಗೊತ್ತಿರೋ ಮಾತಲ್ಲಿ ಹೇಳಬೇಕಂದ್ರೆ ಇದು ಹಾಲಿಗೆ ಹೆಪ್ಪು ಹಾಕಿದಂಗೆ. ಹೆಪ್ಪು ಕೂಡೋವರೆಗೂ ಮೊಸರಿಲ್ಲ. ಹಾಲು ಒಂದು ರಾತ್ರಿಗೆ ಹೆಪ್ಪಾಗುತ್ತೆ, ಈ ತೊಟ್ಟಿಗೆ ನಾಲ್ಕರಿಂದ ಆರು ವಾರ ಬೇಕು. ಮಾರೋನು ಬೆಳಿಗ್ಗೆ ತೊಟ್ಟಿ ಜೋಡಿಸಿ, ಮಧ್ಯಾಹ್ನ ನೀರು ತುಂಬಿ, ಸಾಯಂಕಾಲ ಇನ್ನೂರು ಮರಿ ಬಿಟ್ಟು ಫೋಟೋ ಹೊಡ್ಕಂಡು ಹೋದ ಅಂದ್ರೆ, ಹೆಪ್ಪು ಹಾಕದ ಹಾಲನ್ನ ಮೊಸರು ಅಂತ ಮಾರಿ ಹೋದಂಗೆ. ಎರಡನೇ ವಾರ ಮೀನು ಬಾಯಿ ಮ್ಯಾಲೆ ಮಾಡಿ ಗುಟುಕು ಗುಟುಕು ಉಸಿರಾಡ್ತಾವೆ. ಅದು ಯಾರ ಕೈಗುಣ ಹೇಳ್ರಿ?

‘ನಮ್ಮ ಕೆರೇಲಿ ಯಾರು ನೀರು ಅಳೀತಾರೆ? ಅಲ್ಲಿ ಮೀನು ಬದುಕಲ್ವಾ?’ ಅಂತ ನಮ್ಮ ಮನೆ ಯಜಮಾನರೇ ಕೇಳಿದ್ರು. ನಮ್ಮೂರ ಪಕ್ಕದ ಶಾಂತಿಸಾಗರ, ನಾವೆಲ್ಲ ಸೂಳೆಕೆರೆ ಅನ್ನೋದು, ಚಿತ್ರದುರ್ಗದವರೆಗೂ ಕುಡಿಯಾಕೆ ನೀರು ಕೊಡುತ್ತೆ. ಅಷ್ಟು ದೊಡ್ಡ ನೀರಿನಾಗೆ ಅಷ್ಟೇ ಮೀನು. ಕೆಳಗೆ ಹೂಳು, ಸುತ್ತ ಜೊಂಡು, ಮ್ಯಾಲೆ ಗಾಳಿ. ಕೆರೆ ಹೂಳನ್ನ ಗಾಡಿ ಮ್ಯಾಲೆ ಹೊತ್ತು ತೋಟಕ್ಕೆ ಹೊಡೆಸ್ತಿದ್ದ ನಮ್ಮ ಹಿರೀಕರಿಗೆ ಒಂದು ವಿಷಯ ಗೊತ್ತಿತ್ತು. ನೀರಿನ ಸಾರ ನೀರಲ್ಲಿ ನಿಲ್ಲಲ್ಲ, ಮಣ್ಣಿಗಿಳಿದು ಕೂರುತ್ತೆ. ಮಣ್ಣು ತಾಯಿ ಹೊಟ್ಟೆ ಇದ್ದಂಗೆ. ಹೆಚ್ಚಿಗೆ ಹಾಕಿದ್ರೆ ಇಟ್ಕಳುತ್ತೆ, ಕಮ್ಮಿ ಆದಾಗ ಬಿಟ್ಟುಕೊಡುತ್ತೆ, ಒಂದು ದಿನದ ತಪ್ಪನ್ನ ನುಂಗುತ್ತೆ. ನಿಮ್ಮ ತೊಟ್ಟಿಯಾಗೆ ಮಣ್ಣು ಐತಾ? ಇಲ್ಲ. ಜಲ್ಲಿ ಐತೆ, ಪ್ಲಾಸ್ಟಿಕ್ ಐತೆ. ಅಲ್ಲಿ ತಪ್ಪು ನುಂಗೋರು ಯಾರೂ ಇಲ್ಲ. ಇವತ್ತು ಹೆಚ್ಚಾಗಿದ್ದು ನಾಳೆ ಮೀನಿನ ಮೈಮ್ಯಾಲೆ, ಇವತ್ತು ಕಮ್ಮಿ ಆಗಿದ್ದು ವಾರಕ್ಕೆ ಎಲೆ ಮ್ಯಾಲೆ ಕಾಣುತ್ತೆ. ಮಣ್ಣು ಮಾಡ್ತಿದ್ದ ಕೆಲಸಾನ ಇಲ್ಲಿ ನಾವೇ ಅಳೆದು ಮಾಡಬೇಕು.

ಇನ್ನು ನಮ್ಮ ನೀರಿನ ವಿಚಾರ. ಮಾರೋರು ಎಲ್ಲಾರಿಗೂ ಒಂದೇ ಚೀಟಿ ಕೊಡ್ತಾರೆ. ಆದ್ರೆ ನಮ್ಮ ತಾಲ್ಲೂಕುಗಳಲ್ಲಿ ಒಂದೊಂದು ಮನೆ ನೀರು ಒಂದೊಂದು ಥರ.

ಬೋರ್ ನೀರು ಗಡಸು. ಅನ್ನದ ಪಾತ್ರೆ ತಳಕ್ಕೆ, ಗೀಸರ್ ಕಾಯಿಲ್‌ಗೆ ಬೆಳ್ಳಗೆ ಕಟ್ಟುತ್ತಲ್ಲ, ಅದೇ ಗಡಸುತನ. ಕುಡಿಯೋ ನೀರಿಗೆ ನಮ್ಮ ದೇಶದ ಬಿಐಎಸ್ ಮಾನಕ ಹೇಳೋದು ಲೀಟರಿಗೆ 200 ಮಿಲಿಗ್ರಾಂ ಗಡಸುತನ, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೆ. ಇಂಥ ನೀರಿನ ಪಿಎಚ್ 8ರ ಸುತ್ತ ನಿಂತುಬಿಡುತ್ತೆ, ಕೆಳಗಿಳಿಯಲ್ಲ. ಪಿಎಚ್ ಅಂದ್ರೆ ಹುಳಿಯೋ ಕ್ಷಾರವೋ ಅನ್ನೋ ಲೆಕ್ಕ: 7 ನಡು, ಕೆಳಗೆ ಹುಳಿ, ಮ್ಯಾಲೆ ಕ್ಷಾರ. ಗಿಡಕ್ಕೆ ಸ್ವಲ್ಪ ಹುಳಿ ಬೇಕು, ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಕ್ಷಾರ ಬೇಕು. ಇಬ್ಬರಿಗೂ ಒಪ್ಪೋದು 6.5ರಿಂದ 7. ಮೀನಿಗೆ ಇದು ಪ್ರಾಣದ ಪ್ರಶ್ನೆ. ನಮ್ಮ ಕಡೆ ನೀರು 28 ಡಿಗ್ರಿ ಇದ್ದಾಗ ಪಿಎಚ್ 7 ಇದ್ರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದ್ದು ನೂರಕ್ಕೆ ಒಂದು ಪಾಲೂ ಇರಲ್ಲ. 8 ಆದ್ರೆ ಆರೂವರೆ ಪಾಲು. 8.5 ಆದ್ರೆ ಹದಿನೆಂಟು ಪಾಲು. ಅದೇ ಮೀನು, ಅದೇ ಆಹಾರ, ಅದೇ ಕೈ. ಒಂದು ಮನೇಲಿ ಬದುಕ್ತಾವೆ, ಇನ್ನೊಂದು ಮನೇಲಿ ಸಾಯ್ತಾವೆ.

ಪಂಚಾಯ್ತಿ ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ, ಹಾಕಲೇಬೇಕು, ಅದು ನಮ್ಮ ಆರೋಗ್ಯಕ್ಕೆ. ಆದ್ರೆ ಆ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತೆ, ನಮ್ಮ ಹೆಪ್ಪನ್ನೂ ಕೊಲ್ಲುತ್ತೆ. ಬಾಯಿ ತೆರೆದ ಡ್ರಮ್ಮಿನಾಗೆ ಒಂದೆರಡು ದಿನ ಬಿಸಿಲಿಗಿಟ್ಟು ಆಮೇಲೆ ಹಾಕ್ರಿ.

ಶುದ್ಧ ನೀರಿನ ಘಟಕದಿಂದ ಕ್ಯಾನ್‌ನಾಗೆ ತರೋ ಆರ್‌ಒ ನೀರಿಗೆ ಉಲ್ಟಾ ತೊಂದರೆ. ಅದರಾಗೆ ಸುಣ್ಣದ ಅಂಶ ಏನೂ ಉಳಿದಿರಲ್ಲ. ಬ್ಯಾಕ್ಟೀರಿಯಾ ಕೆಲಸ ಮಾಡ್ತಾ ಮಾಡ್ತಾ ನೀರನ್ನ ಹುಳಿ ಮಾಡ್ತಾವೆ. ತಡೆಯೋಕೆ ಸುಣ್ಣ ಇಲ್ಲದಿದ್ರೆ ಪಿಎಚ್ ಒಂದೇ ಸಲ ಕುಸಿಯುತ್ತೆ, 6ರ ಕೆಳಗೆ ಬ್ಯಾಕ್ಟೀರಿಯಾನೇ ಸುಸ್ತಾಗಿ ಕೂತುಬಿಡ್ತಾವೆ. ಘಟಕದವರು ಹೊರಗೆ ಬಿಡೋ ವೇಸ್ಟ್ ನೀರು ‘ಸುಮ್ನೆ ಹರಿದು ಹೋಗ್ತೈತಲ್ಲ’ ಅಂತ ಹಿಡ್ಕಂಡು ಬರೋರೂ ಅದಾರೆ. ಬ್ಯಾಡವ್ವಾ. ಬೋರಿನ ಉಪ್ಪೆಲ್ಲ ಅದರಾಗೇ ಗಟ್ಟಿಯಾಗಿ ಸೇರಿರುತ್ತೆ. ಜಗಳೂರು ಕಡೆಯೋರಿಗೆ ಫ್ಲೋರೈಡ್ ವಿಷಯ ನಾನು ಹೇಳಬೇಕಾಗಿಲ್ಲ. ಆ ಕಡೆ ಬೋರ್ ನೀರಲ್ಲಿ ಸೊಪ್ಪು ಮೀನು ಬೆಳೆಯೋ ಮುಂಚೆ ನೀರನ್ನ ಲ್ಯಾಬಿಗೆ ಕೊಟ್ಟು ನೋಡಲೇಬೇಕು. ಮಾನಕ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ರೆ 1.5.

ಎಲ್ಲಕ್ಕಿಂತ ಒಳ್ಳೇದು ಮಳೆ ನೀರು. ಮೊದಲ ಮಳೆ ಹೊರಗೆ ಬಿಟ್ಟು, ಆಮೇಲಿನದು ಡ್ರಮ್ಮಿಗೆ ಹಿಡಿದು, ಬೋರ್ ನೀರಿಗೆ ಬೆರೆಸ್ರಿ. ಎಷ್ಟಕ್ಕೆ ಎಷ್ಟು? ಅಳೆದು ನೋಡ್ಕಂಡು. ನನ್ನ ಹತ್ರ ಅರ್ಧಕ್ಕರ್ಧ ಬೆರೆಸಿದ್ರೆ ಸರಿ ಬರುತ್ತೆ, ನಿಮ್ಮ ಬೋರಿಗೆ ಅದೇ ಲೆಕ್ಕ ಬರಬೇಕು ಅಂತಿಲ್ಲ.

‘ನೀರು ಕನ್ನಡಿ ಇದ್ದಂಗೆ ತಿಳಿಯಾಗಿ ಐತಲ್ಲ’ ಅನ್ನೋ ಮಾತು ಇನ್ನೊಂದು. ಅಮೋನಿಯಾಕ್ಕೆ ಬಣ್ಣ ಇಲ್ಲ. ನೈಟ್ರೈಟಿಗೂ ಇಲ್ಲ. ತಿಳಿ ನೀರಲ್ಲೇ ಮೀನು ಸಾಯ್ತಾವೆ. ಅದಕ್ಕಿಂತ ಮೋಸದ್ದು ಟಿಡಿಎಸ್ ಪೆನ್ನು. ಮಾರೋನು ಅದನ್ನ ನೀರಲ್ಲದ್ದಿ, ‘ನೋಡ್ರಿ ಅಮ್ಮಾ, 900 ತೋರಿಸ್ತೈತೆ, ಗಿಡಕ್ಕೆ ಊಟ ಭರ್ತಿ ಐತೆ’ ಅಂತಾನೆ. ಆ ಪೆನ್ನು ನೀರಲ್ಲಿ ಕರಗಿರೋದು ಒಟ್ಟು ಎಷ್ಟು ಅಂತ ಅಂದಾಜು ಹೇಳುತ್ತೆ. ಅದು ಸುಣ್ಣವೋ, ಉಪ್ಪೋ, ಗೊಬ್ಬರವೋ ಹೇಳಲ್ಲ. ನಮ್ಮ ಬೋರ್ ನೀರು ಮೀನು ಬಿಡೋ ಮುಂಚೇನೇ ಅಷ್ಟು ತೋರಿಸುತ್ತೆ. ಚೀಲದ ತೂಕ ನೋಡಿ ಒಳಗಿರೋದು ಅಕ್ಕಿನೋ ಮರಳೋ ಹೇಳಾಕಾಗುತ್ತಾ?

ಈಗ ಗಂಡಸರ ಡಬ್ಬದ ವಿಚಾರಕ್ಕೆ ಬರ್ತೀನಿ, ಬೇಜಾರಾದ್ರೆ ಆಗ್ಲಿ. ನಮ್ಮದು ಅಡಿಕೆ-ಭತ್ತದ ಸೀಮೆ. ಎಲೆ ಹಳದಿ ಆಯ್ತಾ, ಒಂದು ಮುಷ್ಟಿ ಯೂರಿಯಾ. ಹುಳ ಬಂತಾ, ಒಂದು ಮುಚ್ಚಳ ಔಷಧಿ. ಈ ಅಭ್ಯಾಸ ತೊಟ್ಟಿ ಹತ್ರ ತರಬ್ಯಾಡ್ರಿ. ಯೂರಿಯಾ ನೀರಲ್ಲಿ ಅಮೋನಿಯಾನೇ ಆಗೋದು, ಡಿಎಪಿಯಲ್ಲಿರೋದೂ ಅದೇ. ಮೀನಿಗೆ ನೀವೇ ವಿಷ ಬಡಿಸಿದಂಗೆ. ಜೀವಾಮೃತ, ಸಗಣಿ ನೀರು ಮಣ್ಣಿಗೆ ಒಳ್ಳೇದು. ತೊಟ್ಟಿಗೆ ಹಾಕಿದ್ರೆ ಕೊಳೆಯೋಕೆ ನೀರಿನ ಆಮ್ಲಜನಕ ತಿಂದುಬಿಡುತ್ತೆ, ಅಮೋನಿಯಾ ಏರಿಸುತ್ತೆ, ಹಸಿ ಕೊತ್ತಂಬರಿ ಪುದೀನಾ ಜೊತೆ ಸಗಣಿ ರೋಗಾಣು ಮಕ್ಕಳ ಹೊಟ್ಟೆಗೂ ಹೋಗುತ್ತೆ. ಒಲೆ ಬೂದಿಯಲ್ಲಿ ಪೊಟ್ಯಾಷ್ ಐತೆ, ನಿಜ. ಆದ್ರೆ ಅದು ಕಡು ಕ್ಷಾರ. 8 ಇರೋ ಪಿಎಚ್‌ಗೆ ಬೂದಿ ಸುರಿದ್ರೆ ಏನಾಗುತ್ತೆ ಅಂತ ಮ್ಯಾಲಿನ ಲೆಕ್ಕ ನೋಡ್ರಿ. ಪಿಎಚ್ ಇಳಿಸಾಕೆ ಹುಣಸೆ ರಸ, ನಿಂಬೆಹಣ್ಣು ಹಿಂಡೋದೂ ಬ್ಯಾಡ. ಗಡಸು ನೀರು ಎರಡು ದಿನಕ್ಕೆ ತಿರುಗಿ ಮೊದಲಿನ ಜಾಗಕ್ಕೇ ಬರುತ್ತೆ, ನಡುವೆ ಮೀನು ಏರಿಳಿತದಾಗೆ ನರಳ್ತಾವೆ. ಬೇವಿನೆಣ್ಣೆಗೆ ಸೋಪು ಕಲಸಿ ಸಿಂಪಡಿಸ್ತಾರಲ್ಲ, ಆ ಸೋಪು ತೊಟ್ಟಿಗೆ ಇಳಿದ್ರೆ ಕಿವಿರು ಹಾಳು.

ಮೈಲುತುತ್ತದ ವಿಷಯ ಬೇರೇನೇ ಹೇಳಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಮಾಡೋ ಮನೆಗಳಲ್ಲಿ ಅದು ಇದ್ದೇ ಇರುತ್ತೆ. ಅದು ತಾಮ್ರ. ಮೀನಿಗೆ ತಾಮ್ರ ಬಹಳ ಸಣ್ಣ ಪ್ರಮಾಣದಾಗೇ ವಿಷ, ಬ್ಯಾಕ್ಟೀರಿಯಾಕ್ಕೂ ವಿಷ. ಹೊನ್ನಾಳಿ ಕಡೆ ಕೊಟ್ಟ ನಮ್ಮ ನಾದಿನಿ ಮನೇಲಿ ನಡೆದದ್ದು ಹೇಳ್ತೀನಿ. ಆರು ತಿಂಗಳು ತೊಟ್ಟಿ ಚಂದ ನಡೆಸಿದ್ಲು. ಪಾಲಕ್ ಮೊಣಕೈ ಉದ್ದ ಬಂದಿತ್ತು. ಒಂದು ಬೆಳಿಗ್ಗೆ ಮೀನೆಲ್ಲ ಮಲಗಿದ್ವು. ಅತ್ತೆ ಶುರು ಹಚ್ಕಂಡ್ರು: ಮುಟ್ಟಾದಾಗ ತೊಟ್ಟಿ ಮುಟ್ಟಿದ್ಲು, ಕೈಗುಣ ಇಲ್ಲ, ಹಂಗೆ ಹಿಂಗೆ. ಆ ಹುಡುಗಿ ಅತ್ಕಂತ ಫೋನ್ ಮಾಡಿದ್ಲು. ನಾನು ಕೇಳಿದ್ದು ಒಂದೇ: ನೀರು ಯಾವುದ್ರಾಗೆ ತುಂಬಿದ್ರಿ? ನೀಲಿ ಡ್ರಮ್ಮಿನಾಗೆ. ಆ ಡ್ರಮ್ ಮುಂಚೆ ಎಲ್ಲಿತ್ತು? ತೋಟದಾಗೆ. ಬೋರ್ಡೋ ಕಲಸಿದ ಡ್ರಮ್ಮನ್ನ ಒಂದು ಸಲ ನೀರಾಡಿಸಿ ತಂದು, ಆಕಿ ಮಲಗಿದ ಮ್ಯಾಲೆ ತೊಟ್ಟಿಗೆ ನೀರು ಬಿಟ್ಟಿದ್ರು. ಬಿಟ್ಟೋರು ಯಾರು ಅಂತ ಹೇಳಲ್ಲ, ಮನೆ ಮಾತು. ಮುಟ್ಟು ಮೀನು ಕೊಲ್ಲಲ್ಲ ತಾಯಂದಿರೆ, ಮೈಲುತುತ್ತ ಕೊಲ್ಲುತ್ತೆ. ಆಕಿ ಡೈರಿ ಇಟ್ಟಿದ್ಲು, ಹಿಂದಿನ ದಿನದವರೆಗೂ ಪಿಎಚ್, ಅಮೋನಿಯಾ ಬರೆದಿತ್ತು, ಎಲ್ಲ ಸರಿ ಇತ್ತು. ಆ ಡೈರಿ ಇದ್ದಿದ್ದಕ್ಕೇ ಮಾತು ನಿಂತದ್ದು. ಅಳೆಯೋದು ಮೀನಿಗಷ್ಟೇ ಅಲ್ಲ, ನಮ್ಮ ಮರ್ಯಾದೆಗೂ ಬೇಕು.

ಹಂಗಾದ್ರೆ ಗಿಡಕ್ಕೆ ಏನೂ ಹಾಕಂಗೇ ಇಲ್ವಾ? ಹಾಕಬೇಕು. ‘ಗೊಬ್ಬರ ಬ್ಯಾಡ’ ಅನ್ನೋ ಮಾತು ಸುಳ್ಳಾಗೋದು ಇಲ್ಲೇ. ಮೀನಿನ ಆಹಾರ ಮೀನಿಗೋಸ್ಕರ ಮಾಡಿದ್ದು. ಮೀನಿಗೆ ಬೇಕಾದಷ್ಟು ಸಾರಜನಕ ಅದರಾಗೈತೆ. ಗಿಡಕ್ಕೆ ಬೇಕಾದಷ್ಟು ಕಬ್ಬಿಣ, ಪೊಟ್ಯಾಷ್, ಕ್ಯಾಲ್ಸಿಯಂ ಇಲ್ಲ. ಈ ಪದ್ಧತಿಯನ್ನ ಲೋಕಕ್ಕೆ ಕಲಿಸಿದೋರಲ್ಲಿ ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೊಸಿ ದೊಡ್ಡ ಹೆಸರು. ಅವರೇ ಈ ಮೂರನ್ನೂ ಬೇರೆ ಹಾಕ್ತಿದ್ರು. ಗುರುವೇ ಹಾಕಿದ್ದನ್ನ ಅಂಗಡಿಯೋನು ಬ್ಯಾಡ ಅಂದ್ರೆ ಯಾರ ಮಾತು ಕೇಳ್ತೀರಿ?

ಯಾವುದು ಕಮ್ಮಿ ಅನ್ನೋದನ್ನ ಎಲೆ ಹೇಳುತ್ತೆ. ಇದು ನಮ್ಮ ಕಣ್ಣಿಗೆ ಬರೋ ವಿದ್ಯೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದ್ರೆ ಕಬ್ಬಿಣ. ಹಳೇ ಎಲೆ ಪೂರ್ತಿ ಹಳದಿ ಆಗಿ ಗಿಡ ಸೊರಗಿದ್ರೆ ಸಾರಜನಕ, ಅಂದ್ರೆ ಮೀನು ಕಮ್ಮಿ ಇಲ್ಲ ಆಹಾರ ಕಮ್ಮಿ. ಹಳೇ ಎಲೆ ಅಂಚು ಸುಟ್ಟಂಗೆ ಆದ್ರೆ ಪೊಟ್ಯಾಷ್. ಚಿಗುರು ಮುರುಟಿದ್ರೆ, ಟೊಮೆಟೊ ತಳ ಕಪ್ಪಾದ್ರೆ ಕ್ಯಾಲ್ಸಿಯಂ. ನಮ್ಮ ಗಡಸು ನೀರಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಸಾಕಷ್ಟಿರುತ್ತೆ, ಕಬ್ಬಿಣ ಪೊಟ್ಯಾಷ್‌ಗೇ ಪರದಾಟ.

ಕಬ್ಬಿಣ ಅಂತ ಅನ್ನಭೇದಿ ತಂದು ಹಾಕಬ್ಯಾಡ್ರಿ, ಕ್ಷಾರದ ನೀರಲ್ಲಿ ಅದು ತುಕ್ಕಾಗಿ ತಳ ಸೇರುತ್ತೆ, ಗಿಡಕ್ಕೆ ಸಿಗಲ್ಲ. ಮೊಳೆ ನೆನೆಹಾಕೋದೂ ಅಷ್ಟೇ. ಗೊಬ್ಬರದಂಗಡೀಲಿ ಚೀಲೇಟೆಡ್ ಕಬ್ಬಿಣ ಅಂತ ಕೇಳ್ರಿ. ಅದರಾಗೂ ಮೂರು ಥರ. ಇಡಿಟಿಎ ಅಂತ ಬರೆದದ್ದು ಪಿಎಚ್ 6.5ರ ಮ್ಯಾಲೆ ಸರಿಯಾಗಿ ನಿಲ್ಲಲ್ಲ, ಡಿಟಿಪಿಎ 7.5ರವರೆಗೆ, ಇಡಿಡಿಎಚ್‌ಎ ನಮ್ಮ ಗಡಸು ನೀರಿಗೂ ಆಗುತ್ತೆ. ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ. ಚೀಟಿ ಮ್ಯಾಲೆ 6 ಪರ್ಸೆಂಟ್ ಕಬ್ಬಿಣ ಅಂತ ಇದ್ರೆ ಸಾವಿರ ಲೀಟರಿಗೆ ಸುಮಾರು 33 ಗ್ರಾಂ ಆಗುತ್ತೆ. ಎರಡು-ಮೂರು ವಾರಕ್ಕೊಮ್ಮೆ, ಅದೂ ಎಲೆ ಕೇಳಿದ್ರೆ. ನೀರು ಸ್ವಲ್ಪ ಕೆಂಪಾಗುತ್ತೆ, ಹೆದರಬ್ಯಾಡ್ರಿ. ಪೊಟ್ಯಾಷ್‌ಗೆ ಸಲ್ಫೇಟ್ ಆಫ್ ಪೊಟ್ಯಾಷ್, ಅಡಿಕೆಯೋರು ಎಸ್‌ಒಪಿ ಅಂತಾರಲ್ಲ, ಅದನ್ನ ಬೇರೆ ಬಕೆಟ್ಟಿನಾಗೆ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕಿ, ವಾರ ಎಲೆ ನೋಡ್ರಿ. ಕೆಂಪು ಪೊಟ್ಯಾಷ್ ಬ್ಯಾಡ, ಅದರಾಗಿನ ಕ್ಲೋರೈಡ್ ನೀರಲ್ಲೇ ಉಳ್ಕಂಡು ಕೂಡ್ತಾ ಹೋಗುತ್ತೆ.

ನಿಜವಾದ ಗೊಬ್ಬರದ ಚೀಲ ಅಂದ್ರೆ ಮೀನಿನ ಆಹಾರವೇ. ಅದಕ್ಕೂ ಲೆಕ್ಕ ಐತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಮನೆಮಟ್ಟದ ಅಕ್ವಾಪೋನಿಕ್ಸ್ ಮ್ಯಾಲೆ ಒಂದು ದೊಡ್ಡ ಪುಸ್ತಕ ಮಾಡೈತೆ. ಇಂಗ್ಲಿಷಿನದು, ಮಗಳ ಹತ್ರ ಓದಿಸಿ ಕೇಳಿದೆ. ಅದರ ಲೆಕ್ಕದಾಗೆ ಸೊಪ್ಪಿನ ಬೆಳೆಗೆ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಆಹಾರ, ಟೊಮೆಟೊ ಮೆಣಸಿನಕಾಯಿ ಥರ ಕಾಯಿ ಬೆಳೆಗೆ 50ರಿಂದ 80 ಗ್ರಾಂ. ಸಾವಿರ ಲೀಟರಿಗೆ 10 ಕೆಜಿ ಮೀನು ಇದ್ರೆ, ಅವು ದಿನಕ್ಕೆ ನೂರು-ನೂರೈವತ್ತು ಗ್ರಾಂ ತಿಂದ್ರೆ, ಎರಡು-ಮೂರು ಚದರ ಮೀಟರ್ ಸೊಪ್ಪು. ಅಷ್ಟೇ. ಇಪ್ಪತ್ತು ಜನರ ಮನೆಗೆ ವರ್ಷವೆಲ್ಲ ತರಕಾರಿ ಅನ್ನೋರ ಬಾಯಿಗೆ ಈ ಲೆಕ್ಕ ಹಾಕ್ರಿ. ಅರ್ಧ ಗಂಟೆಗೆ ಮೀನು ತಿನ್ನದೆ ಬಿಟ್ಟ ಆಹಾರ ಬಲೆಯಲ್ಲಿ ತೆಗೀರಿ, ಬಿಟ್ರೆ ಅದೂ ಅಮೋನಿಯಾನೇ. ಗಾಳಿ ಪಂಪ್ ರಾತ್ರಿ ನಿಲ್ಲಬಾರದು. ನಮ್ಮ ಕಡೆ ಕರೆಂಟ್ ಗೊತ್ತಲ್ಲ, ಬ್ಯಾಟರಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬ್ಯಾಡ್ರಿ.

‘ಇಷ್ಟೆಲ್ಲ ಯಾಕೆ, ಮಣ್ಣಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿದ್ರಾಯ್ತು’ ಅಂತ ದೊಡ್ಡವ್ವ ಅಂತಾಳೆ. ಮಣ್ಣಿದ್ದೋರಿಗೆ, ಚಾನಲ್ ನೀರಿದ್ದೋರಿಗೆ ಅದೇ ಸರಿ, ನಾನೂ ಅದನ್ನೇ ಹೇಳ್ತೀನಿ. ಈ ತೊಟ್ಟಿ ಮಣ್ಣಿಲ್ಲದೋರಿಗೆ, ಬ್ಯಾಸಗೇಲಿ ಕೊಡ ಕೊಡ ಲೆಕ್ಕ ಹಾಕೋರಿಗೆ. ಅದೇ ನೀರು ಸುತ್ತಿ ಸುತ್ತಿ ಬರೋದ್ರಿಂದ ಎಲೆ ಕುಡಿದಷ್ಟು, ಆವಿ ಆದಷ್ಟು ಮಾತ್ರ ತುಂಬಿದ್ರೆ ಸಾಕು. ಆದ್ರೆ ಆವಿ ಆಗೋದು ಬರೀ ನೀರು, ಉಪ್ಪು ಅಲ್ಲೇ ಉಳೀತೈತೆ. ಅದಕ್ಕೇ ಆಗಾಗ ಸ್ವಲ್ಪ ತೆಗೆದು ಬಾಳೆ ಗಿಡಕ್ಕೆ ಹಾಕಿ, ಮಳೆ ನೀರು ತುಂಬಬೇಕು. ‘ನೀರು ಬದಲಿಸಂಗೇ ಇಲ್ಲ’ ಅನ್ನೋದೂ ಅರ್ಧ ಸುಳ್ಳು.

‘ನಾವೇನು ಸೈನ್ಸ್ ಓದಿದೋರಾ, ಹನಿ ಹಾಕಿ ಬಣ್ಣ ನೋಡಾಕೆ?’ ಅಂತ ಸಂಘದಾಗೆ ಒಬ್ಬಾಕಿ ಕೇಳಿದ್ಲು. ನಾನು ಓದಿದ್ದು ಪಿಯುಸಿ, ಅದೂ ಮೂವತ್ತು ವರ್ಷ ದಾಟ್ತು. ಹಾಲಿನ ಡೈರಿಗೆ ದಿನಾ ಹೋಗ್ತೀವಲ್ಲ, ಫ್ಯಾಟ್ ಅಳೆಯದೆ ಅವರು ನಮಗೆ ದುಡ್ಡು ಕೊಡ್ತಾರಾ? ನಮ್ಮ ಹಾಲನ್ನ ಅಳೆದು ತಗಳ್ಳೋದು ಸರಿ, ನಮಗೆ ಮಾರೋ ನೀರಿನ ತೊಟ್ಟಿ ಅಳೆಯದೆ ತಗಳ್ಳೋದು ಯಾವ ನ್ಯಾಯ? ಬಿಪಿ, ಶುಗರ್ ಮನೇಲೇ ನೋಡ್ಕಳ್ತೀವಿ. ಜಲಜೀವನ್ ಮಿಷನ್‌ನಾಗೆ ಒಂದೊಂದು ಊರಿನ ಐದು ಹೆಣ್ಮಕ್ಕಳಿಗೆ ಕಿಟ್ ಕೊಟ್ಟು ಕುಡಿಯೋ ನೀರು ಪರೀಕ್ಷೆ ಮಾಡೋದು ಕಲಿಸಬೇಕು ಅಂತ ಐತೆ. ಪಿಎಚ್, ಗಡಸುತನ, ಕ್ಷಾರತೆ, ಫ್ಲೋರೈಡ್, ನೈಟ್ರೇಟ್, ಉಳಿಕೆ ಕ್ಲೋರಿನ್ ಅದರಾಗೇ ಬರ್ತಾವೆ. ಸರ್ಕಾರವೇ ಇದು ಹೆಣ್ಮಕ್ಕಳ ಕೈಲಾಗೋ ಕೆಲಸ ಅಂದ ಮ್ಯಾಲೆ ನಾವೇ ಆಗಲ್ಲ ಅಂದ್ರೆ ಹೆಂಗೆ? ನಮ್ಮ ಊರ ಕಿಟ್ ಯಾರ ಬೀರುವಿನಾಗೈತೆ ಅಂತ ಪಂಚಾಯ್ತಿಗೆ ಹೋಗಿ ಕೇಳ್ರಿ, ಮೂಲ ನೀರನ್ನ ಅದರಲ್ಲೇ ನೋಡಿಸ್ರಿ. ಹೆಚ್ಚಿನ ಸಲಹೆಗೆ ದಾವಣಗೆರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಐತೆ. ಅಮೋನಿಯಾ, ನೈಟ್ರೈಟ್ ಹನಿಗಳು ಅಲಂಕಾರದ ಮೀನು ಮಾರೋ ಅಂಗಡಿಯಲ್ಲಿ ಸಿಗ್ತಾವೆ.

ಕೆಲಸ ಇಷ್ಟೇ. ಮೊದಲ ಆರು ವಾರ ದಿನ ಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ನೋಡೋದು. ಎರಡೂ ಏರಿ ಇಳಿದು ಸೊನ್ನೆ ಹತ್ರ ಬಂದ ಮ್ಯಾಲೆ ಮೀನು ಹೆಚ್ಚಿಸೋದು. ಆಮೇಲೆ ವಾರಕ್ಕೊಂದು ದಿನ, ಒಂದೇ ಹೊತ್ತಿಗೆ, ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ನಾಲ್ಕೇ ನಾಲ್ಕು. ಅಮೋನಿಯಾ ನೈಟ್ರೈಟ್ ಎರಡೂ 1ರ ಕೆಳಗೇ ಇರಬೇಕು, ಪಿಎಚ್ 7 ದಾಟಿದ ಮನೇಲಿ ಅಮೋನಿಯಾ ಸೊನ್ನೆಗೆ ಹತ್ರ ಇರಬೇಕು. ನೈಟ್ರೇಟ್ 5ರಿಂದ 150ರ ಒಳಗಿದ್ರೆ ಗಿಡ ಸುಖವಾಗಿರ್ತಾವೆ. ಅಮೋನಿಯಾ ಏರಿದ್ರೆ ಆಹಾರ ನಿಲ್ಲಿಸ್ರಿ, ಮೂರನೇ ಒಂದು ಭಾಗ ನೀರು ತೆಗೆದು ಕ್ಲೋರಿನ್ ಹೋದ ನೀರು ತುಂಬ್ರಿ, ಗಾಳಿ ಹೆಚ್ಚು ಬಿಡ್ರಿ. ಇಷ್ಟಕ್ಕೆ ವಾರದಾಗೆ ಹತ್ತು-ಹದಿನೈದು ನಿಮಿಷ. ರೊಟ್ಟಿ ಹಿಟ್ಟು ಕಲಸೋ ಹೊತ್ತು.

ಸಂಘದ ಸಭೆಗೆ ಮಾರೋರು ಇನ್ನೂ ಬರ್ತಾರೆ, ಬಣ್ಣದ ಚೀಟಿ ಹಂಚ್ತಾರೆ. ಆಗ ಕೇಳ್ರಿ. ನಮ್ಮ ಬೋರ್ ನೀರಿನ ಪಿಎಚ್, ಗಡಸುತನ ನೋಡಿದ್ದೀರಾ? ಪರೀಕ್ಷೆ ಹನಿ ಜೊತೆಗೇ ಕೊಡ್ತೀರಾ? ಮೀನು ಬಿಡೋ ಮುಂಚೆ ಎಷ್ಟು ವಾರ ಕಾಯಬೇಕು? ಕಬ್ಬಿಣ ಪೊಟ್ಯಾಷ್ ಯಾವುದು, ಎಷ್ಟು? ಆರು ವಾರದ ಒಳಗೆ ಮೀನು ಸತ್ರೆ ಯಾರು ಹೊಣೆ? ಬರವಣಿಗೆಯಲ್ಲಿ ಕೊಡ್ತೀರಾ? ಐದಕ್ಕೂ ಉತ್ತರ ಬಂದ್ರೆ ಸಹಿ ಹಾಕ್ರಿ. ನಕ್ಕು ‘ಅದೆಲ್ಲ ನಿಮಗೆ ಯಾಕಮ್ಮಾ’ ಅಂದ್ರೆ ಪೆನ್ನಿನ ಮುಚ್ಚಳ ಹಾಕಿ ಎದ್ದು ಬರ್ರಿ.

ಮನೆಯೋರಿಗೂ ಒಂದು ಮಾತು ಹೇಳಿ ಬಿಡ್ರಿ: ತೊಟ್ಟಿ ಪಕ್ಕದಾಗೆ ಮೊಳೆಗೆ ಒಂದು ನೋಟ್‌ಬುಕ್ ನೇತಾಕಿರುತ್ತೆ. ತೊಟ್ಟಿಗೆ ಯಾರು ಏನು ಹಾಕಿದ್ರೂ ತಾರೀಖು ಹಾಕಿ ಬರೆದು ಹೆಸರು ಹಾಕಬೇಕು. ಮಾವನಾಗ್ಲಿ, ಗಂಡನಾಗ್ಲಿ, ಮಗನಾಗ್ಲಿ. ಆಮೇಲೆ ಕೈಗುಣದ ಮಾತು ಬಂದ್ರೆ ಆ ಪುಸ್ತಕ ತಂದು ಮುಂದೆ ಇಡ್ರಿ.